ಒಂದು ಹನಿ ಇಲ್ಲ

ನಮ್ಮ ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಗೆಂದು ಅವರು ಹೇಳುವುದಿಲ್ಲ ಎಂದು ಯಾರೂ ತಿಳಿಯಬಾರದು. ಹೇಳುತ್ತಾರೆ, ಹೇಳಿದ ಮೇಲೆ ನಿಭಾಯಿಸಲು ಬರುವುದಿಲ್ಲ. ಈ ಒಂದು ಕೊರತೆಯ ದೆಸೆಯಿಂದ ನಮ್ಮ ಬೀದಿಯಲ್ಲಿ ಮೂರು ಗುಂಡಿ ಬಿದ್ದವು, ಹದಿನೇಳು ಮನೆಗಳ ನಲ್ಲಿ ಒಣಗಿತು, ಪಕ್ಕದ ಮನೆಯ ಟೈಲರಮ್ಮನ ಹೊಲಿಗೆ ಯಂತ್ರ ಬೀದಿಗೆ ಬಂತು. ನನ್ನ ಪಾಲೂ ಇದರಲ್ಲಿ ಇಲ್ಲದಿಲ್ಲ. ಪೈಪು ಹಿಡಿದವನು ನಾನೇ.

ಭಾವ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಊರವರ ಗಂಟುಮೂಟೆಗಳಿಗೆ ಅರಗು ಸುರಿದು ಮೊಹರು ಒತ್ತಿರುವುದರಿಂದ, ತಾವು ಮುಚ್ಚಲಾಗದ ಬಿರುಕು ಲೋಕದಲ್ಲೇ ಇಲ್ಲವೆಂದು ನಂಬಿದ್ದಾರೆ. ಅಕ್ಕನನ್ನು ಮದುವೆಯಾದಾಗಿನಿಂದ ನಮ್ಮ ಮನೆಯಲ್ಲೇ ಇದ್ದಾರೆ. ಮನೆಯಳಿಯ ಎಂದು ಯಾರಾದರೂ ಅಂದರೆ ಅವರಿಗೆ ಮೈ ಉರಿಯುತ್ತದೆ. ಬೀದಿಯವರಿಗೆ ಅದು ಗೊತ್ತಿರುವುದರಿಂದ ದಿನಕ್ಕೊಮ್ಮೆಯಾದರೂ ಯಾರಾದರೂ ಅನ್ನುತ್ತಾರೆ.

ನಮ್ಮಪ್ಪ ದೋಣಿ ಕಟ್ಟುವ ಬಡಗಿ. ನಲವತ್ತು ವರ್ಷ ದೋಣಿ ನಿಲ್ಲುವ ಧಕ್ಕೆಯಲ್ಲಿ ಕೊಡತಿ ಹಿಡಿದು ಈಗ ಹಿತ್ತಲ ಕಡೆಯ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕೂತಿರುತ್ತಾನೆ. ಕಣ್ಣಿನ ನರ ಸೋತಿದೆ. ನಾನು ಕನ್ನಡಕದ ಅಂಗಡಿ ಇಟ್ಟವನಾದರೂ ಅಂಗಡಿಯ ಯಾವ ಗಾಜೂ ಅವನಿಗೆ ಪ್ರಯೋಜನಕ್ಕೆ ಬರಲಿಲ್ಲ. ಅಪ್ಪನಿಗೆ ಎರಡು ಅಭ್ಯಾಸ. ಊಟಕ್ಕೆ ಕೂತಾಗಲೆಲ್ಲ "ನಾನು ಕಟ್ಟಿದ ದೋಣಿಗೆ ಒಂದು ಹನಿ ನೀರು ಬಂದಿಲ್ಲ" ಎನ್ನುವುದು ಒಂದು. ಅಳಿಯನ ಜೊತೆ ನೇರವಾಗಿ ಮಾತಾಡದಿರುವುದು ಇನ್ನೊಂದು. ಮದುವೆಯಾದ ಹೊಸತರಲ್ಲಿ ಭಾವ ಗೋಡೆಗೆ ಒಂದು ಮೊಳೆ ಹೊಡೆಯಲು ಹೋಗಿ ಮೊಳೆ, ಗೋಡೆ, ಹೆಬ್ಬೆರಳು ಮೂರನ್ನೂ ಕೆಡಿಸಿದ್ದರು. ಅವತ್ತಿನಿಂದ ಹನ್ನೊಂದು ವರ್ಷ ಅಪ್ಪ ಎದುರೆದುರೇ ಕೂತು "ಅಳಿಯಂದಿರಿಗೆ ಇನ್ನೊಂದು ಸೌಟು ಬೇಕಾ ಕೇಳು" ಎಂದು ಅಕ್ಕನಿಗೆ ಹೇಳುತ್ತಾನೆ. "ಸಾಕು ಅಂತ ಮಾವನಿಗೆ ಹೇಳು" ಎಂದು ಭಾವ ಅಕ್ಕನಿಗೇ ಹೇಳುತ್ತಾರೆ. ಅಕ್ಕ ಇಬ್ಬರಿಗೂ ಹೇಳದೆ ಬಡಿಸುತ್ತಾಳೆ.

ಈ ಮೌನವನ್ನು ಒಂದೇ ಏಟಿಗೆ ಮುರಿಯಬೇಕೆಂದು ಭಾವ ಒಂದು ಲಾರಿ ತಂದರು. ಲಾರಿಯ ಮೇಲೆ ಹದಿನಾಲ್ಕು ಅಡಿಯ ಹಾಯಿದೋಣಿ ಇತ್ತು. ಅಪ್ಪ ಕಟ್ಟಿದ ಕೊನೆಯ ದೋಣಿ. ಮೀನಿನ ಗೋದಾಮಿನ ಹಿಂದೆ ಹತ್ತು ವರ್ಷದಿಂದ ಮಗುಚಿ ಬಿದ್ದಿತ್ತಂತೆ. ಹಿತ್ತಲಿಗೆ ಇಳಿಸಿದಾಗ ಬೀದಿಯೇ ಬಂದು ನಿಂತಿತು. ಅಪ್ಪ ಕೋಲೂರಿಕೊಂಡು ಬಂದು ಹಲಗೆಗಳ ಮೇಲೆ ಕೈಯಾಡಿಸಿದ. ಮೂತಿಯಿಂದ ಹಿಂಬದಿಯವರೆಗೆ ಹೋಗಿ ತಿರುಗಿ ಬಂದ.

"ಹತ್ತು ವರ್ಷ ಒಣಗಿದೆ," ಎಂದು ನನಗೆ ಹೇಳಿದ. "ಅಳಿಯಂದಿರಿಗೆ ಹೇಳು, ಇದು ಪಾರ್ಸೆಲ್ ಅಲ್ಲ."

ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಎದುರು ಮನೆಯ ಬೇಕರಿಯವನು ಕಿಸಕ್ಕನೆ ನಕ್ಕ. ಭಾವನ ಕಿವಿ ಕೆಂಪಾಯಿತು.

"ಮಾವನಿಗೆ ಹೇಳು," ಎಂದರು. "ಮುಂದಿನ ತಿಂಗಳ ಮೊದಲನೇ ಭಾನುವಾರ ಇದು ನೀರಿಗಿಳಿಯುತ್ತೆ. ಒಂದು ಹನಿ ಸೋರಲ್ಲ. ಸೋರಿದ್ರೆ ನಾನೇ ಕೊಡಲಿ ತಗೊಂಡು ಒಡೆದು ಬೇಕರಿ ಒಲೆಗೆ ಹಾಕ್ತೀನಿ."

"ನಾನು ಸಾಕ್ಷಿ," ಎಂದ ಬೇಕರಿಯವನು. ಹಳೆಯ ಗಟ್ಟಿ ಮರ, ಚೆನ್ನಾಗಿ ಒಣಗಿದೆ. ಅವನ ಕಣ್ಣು ಆಗಲೇ ಅದನ್ನು ಸೌದೆಯ ಅಳತೆಗೆ ಕತ್ತರಿಸುತ್ತಿತ್ತು. ಅಪ್ಪ ಕೋಲೂರಿಕೊಂಡು ಒಳಗೆ ಹೋದ.

ಒಂದು ವಿಷಯದಲ್ಲಿ ಭಾವನನ್ನು ಮೆಚ್ಚಬೇಕು. ಆ ನಾಲ್ಕು ವಾರ ಅವರು ಕತ್ತೆಯ ಹಾಗೆ ದುಡಿದರು. ಬಣ್ಣ ಕೆರೆದರು, ಕೊಳೆತ ಎರಡು ಹಲಗೆ ತೆಗೆಸಿ ಹೊಸದು ಕೂರಿಸಿದರು, ಸಂದುಗಳಿಗೆ ಉಳಿಯಿಂದ ಹತ್ತಿ ತುರುಕಿದರು. ಟೈಲರಮ್ಮ ಹಾಯಿ ಹೊಲಿಯಲು ಒಪ್ಪಿಕೊಂಡು ಇಡೀ ಕೋಣೆಗೆ ದಪ್ಪ ಬಟ್ಟೆ ಹರಡಿಕೊಂಡರು. ಭಾವನ ಹೆಬ್ಬೆರಳು ನಾಲ್ಕು ಸಲ ಜಜ್ಜಿಹೋಯಿತು. ಐದನೇ ಸಲ ತಪ್ಪಿಸಿಕೊಂಡಿತು, ಅಂದರೆ ಕೈ ಪಳಗಿತ್ತು.

ಇನ್ನೊಂದು ವಾರ ಇದೆ ಅನ್ನುವಾಗ ಗೋದಾಮಿನ ಕಾವಲುಗಾರ ನೋಡಲು ಬಂದ. ಸಂದುಗಳಿಗೆ ಉಗುರು ಹಾಕಿ ನೋಡಿ, "ಎಂಟು ದಿನ ಒಳಗೆ ನೀರು ನಿಲ್ಲಿಸಿ ಸಾರ್. ಒಣ ಹಲಗೆ ಕುಗ್ಗಿರುತ್ತೆ. ನೀರು ಕುಡಿದು ಉಬ್ಬಿದ್ರೆ ಸಂದು ತಾನೇ ಕಚ್ಚಿಕೊಳ್ಳುತ್ತೆ," ಎಂದ.

"ಅಲ್ಲೀತನಕ?"

"ಅಲ್ಲೀತನಕ ಸೋರುತ್ತೆ. ಸೋರದೆ ಇನ್ನೇನು."

ಭಾವನ ಮುಖ ಇಳಿಯಿತು. ಅವನು ಹೋದ ಮೇಲೆ ನನ್ನನ್ನು ಬಚ್ಚಲ ಹಿಂದಕ್ಕೆ ಎಳೆದೊಯ್ದು ಪಿಸುಗುಟ್ಟಿದರು. "ಇದು ಕೆಟ್ಟ ಕೆಲಸದವರು ಮಾಡೋ ಉಪಾಯ ಕಣೋ. ಮಾವನ ದೋಣಿ ಒಂದು ದಿನಾನೂ ಸೋರಿಲ್ಲ. ನಾನು ಕೈ ಹಾಕಿದ್ದಕ್ಕೇ ಸೋರ್ತಿದೆ ಅಂತಾರೆ. ಎಂಟು ದಿನ ಬಾಯಿಮುಚ್ಚಿಕೊಂಡಿರು. ಮಾವನಿಗೆ ಹೇಗೂ ಕಣ್ಣು ಕಾಣಲ್ಲ."

ಶನಿವಾರ ಬೆಳಿಗ್ಗೆ ನಲ್ಲಿಯಿಂದ ಪೈಪು ಎಳೆದು ಮೊಣಕಾಲುದ್ದ ನೀರು ತುಂಬಿಸಿದೆವು. ತುಂಬಿಸಿದೆವು ಅನ್ನುವುದು ದೊಡ್ಡ ಮಾತು. ಒಳಗೆ ಹೋದ ನೀರು ಐದು ಕಡೆಯಿಂದ ಹೊರಗೆ ಬಂತು. ಭಾವ ಟಾರ್ಪಾಲು ಹೊದಿಸಿ, ನೆಲದವರೆಗೆ ಇಳಿಬಿಟ್ಟು, ಸುತ್ತ ಇಟ್ಟಿಗೆ ಇಟ್ಟರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ನಮ್ಮ ಹಿತ್ತಲು ಟೈಲರಮ್ಮನ ಮನೆಯ ಕಡೆಗೆ ಇಳಿಜಾರು. ಭಾನುವಾರ ಬೆಳಿಗ್ಗೆ ನೀರು ಅವರ ಗೋಡೆಯ ಬುಡ ಸುತ್ತಿ ಬೀದಿಗೆ ಇಳಿಯಿತು.

ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಂದರು. "ಇದೆಲ್ಲಿಂದ ಬರ್ತಿದೆ ಈ ನೀರು? ದೋಣಿಯದಾ?"

ಹಿಂದೆ ಕಿಟಕಿಯಲ್ಲಿ ಅಪ್ಪ ಕೂತಿದ್ದ. ಎದುರು ಜಗಲಿಯಲ್ಲಿ ಬೇಕರಿಯವನು ನಿಂತಿದ್ದ.

"ದೋಣಿಯದಾ? ಛೆ ಛೆ, ಒಂದು ಹನಿ ಇಲ್ಲ," ಎಂದರು ಭಾವ. ಅಲ್ಲಿಗೆ ನಿಲ್ಲಿಸಬಹುದಿತ್ತು. "ರಸ್ತೆ ಕೆಳಗೆ ಪೈಪು ಒಡೆದಿರಬೇಕು. ನೀವು ಒಂದು ದೂರು ಕೊಡೋದು ಒಳ್ಳೇದು," ಎಂದೂ ಸೇರಿಸಿದರು.

ಟೈಲರಮ್ಮ ಹೇಳಿದ ಕೆಲಸ ಹೇಳಿದ ದಿನವೇ ಮಾಡುವ ಹೆಂಗಸು. ಸೋಮವಾರ ನೀರಿನ ಇಲಾಖೆಯ ಇಂಜಿನಿಯರು ನಾಲ್ಕು ಜನ ಕೂಲಿಯವರೊಂದಿಗೆ ಬಂದೇಬಿಟ್ಟರು. ಅವರ ಕೈಯಲ್ಲಿ ಎದೆಯುದ್ದದ ಕಬ್ಬಿಣದ ಕೋಲಿತ್ತು. ಅದನ್ನು ನೆಲಕ್ಕೆ ಊರಿ, ಮೇಲ್ತುದಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕೇಳುವರು. ಆಗ ಯಾರೂ ಕೆಮ್ಮುವಂತಿರಲಿಲ್ಲ. ನೆಲದಡಿಯಲ್ಲಿ ನೀರು ಎಲ್ಲಿ ಹರಿಯುತ್ತಿದೆಯೆಂದು ಆ ಕೋಲು ಅವರಿಗೆ ಹೇಳುತ್ತದಂತೆ.

"ಇಲ್ಲೇ," ಎಂದರು, ನಮ್ಮ ಗೇಟಿನಿಂದ ಎರಡು ಮಾರು ದೂರದಲ್ಲಿ. ಮೊದಲ ಗುಂಡಿ ಬಿತ್ತು. ಒಳಗೆ ಪೈಪು ಒಣಗಿ ಗಟ್ಟಿಮುಟ್ಟಾಗಿತ್ತು. ಇಂಜಿನಿಯರು ಪೈಪನ್ನೇ ಅಪರಾಧಿಯಂತೆ ನೋಡಿದರು. ಮಂಗಳವಾರ ಬೇಕರಿಯ ಮೆಟ್ಟಿಲ ಬುಡದಲ್ಲಿ ಎರಡನೇ ಗುಂಡಿ ಬಿತ್ತು. ಬ್ರೆಡ್ಡಿಗೆ ಬಂದವರು ಹಲಗೆಯ ಮೇಲೆ ಸರ್ಕಸ್ ಮಾಡುತ್ತ ಹೋಗಬೇಕಾಯಿತು. ಬೇಕರಿಯವನು ಇಂಜಿನಿಯರನ್ನು ಬೈದ, ಇಂಜಿನಿಯರು ಕೂಲಿಯವರನ್ನು ಬೈದರು, ಕೂಲಿಯವರು ನಮ್ಮಕ್ಕನ ಹತ್ತಿರ ಕುಡಿಯಲು ನೀರು ಕೇಳಿದರು.

ಬುಧವಾರ ಇಂಜಿನಿಯರು ನಮ್ಮ ಗೇಟು ತೆರೆದು ಒಳಗೇ ಬಂದರು. ಭಾವ ಬಾಗಿಲಲ್ಲಿ ಎರಡೂ ಕೈ ಅಗಲಿಸಿ ನಿಂತರು.

"ಹಿತ್ತಲು ನೋಡಬೇಕು."

"ಹಿತ್ತಲಲ್ಲಿ ಏನಿದೆ ಸಾರ್, ಒಂದು ದೋಣಿ ಇದೆ. ಈಗ ತಾನೇ ಬಣ್ಣ ಹೊಡೆದಿದೀನಿ. ಧೂಳು ತಾಗಿದ್ರೆ ಕೆಟ್ಟೇ ಹೋಯ್ತು."

"ದೋಣಿಯಲ್ಲಿ ನೀರು ತುಂಬಿಸಿದೀರಾ?"

"ದೋಣಿ ನೀರಿನ ಮೇಲಿರಬೇಕಾದ್ದು ಸಾರ್. ನೀರನ್ನೇ ದೋಣಿ ಒಳಗೆ ತುಂಬಿಸ್ತಾರಾ ಯಾರಾದ್ರೂ?"

ಇಷ್ಟು ತರ್ಕಬದ್ಧವಾದ ಮಾತನ್ನು ಭಾವ ಹಿಂದೆಂದೂ ಆಡಿರಲಿಲ್ಲ. ಇಂಜಿನಿಯರು ತಲೆಯಾಡಿಸಿ ಒಂದು ಹಾಳೆ ತೆಗೆದರು. ನಮ್ಮ ಆವರಣದಲ್ಲಿ ಸೋರಿಕೆಯಿಲ್ಲವೆಂದು ಮನೆಯವರು ಸಹಿ ಮಾಡಬೇಕು. ಸಹಿ ಎಂದರೆ ಅಂಚೆಯವರಿಗೆ ಮೈಯೆಲ್ಲ ಭಕ್ತಿ. ಭಾವ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದರು. ಕೊನೆಗೆ ಯಾರೂ ಕೇಳದಿದ್ದರೂ "ದೋಣಿಯಿಂದ ಒಂದು ಹನಿಯೂ ಸೋರುವುದಿಲ್ಲ" ಎಂದು ಕೈಯಾರೆ ಬರೆದು, ಅಡಿಗೆರೆ ಎಳೆದು ಸಹಿ ಹಾಕಿದರು. ನನ್ನ ಕೈಲೂ ಹಾಕಿಸಿದರು.

ಗುರುವಾರ ಇಡೀ ಬೀದಿಯ ನೀರು ಬಂದ್ ಮಾಡಿದರು. ಮುಖ್ಯ ಪೈಪಿನಲ್ಲಿ ನೀರಿಲ್ಲದಿದ್ದರೆ ಸೋರಿಕೆಯೂ ನಿಲ್ಲಬೇಕು, ಆಗ ತಪ್ಪು ಯಾವ ಪೈಪಿನದೆಂದು ತಿಳಿಯುತ್ತದೆ ಎಂಬುದು ಇಂಜಿನಿಯರ ಲೆಕ್ಕ. ಹದಿನೇಳು ಮನೆಯವರು ಕೊಡ ಹಿಡಿದು ಮೂರನೇ ಬೀದಿಗೆ ನಡೆದರು. ಟೈಲರಮ್ಮನ ಗೋಡೆಯ ಬುಡದಲ್ಲಿ ಮಾತ್ರ ನೀರು ತಣ್ಣಗೆ ಜಿನುಗುತ್ತಲೇ ಇತ್ತು. ನಮ್ಮ ದೋಣಿಯೊಳಗೆ ಬುಧವಾರ ರಾತ್ರಿ ಮತ್ತೆ ತುಂಬಿಸಿದ್ದು ಇನ್ನೂ ಬೇಕಾದಷ್ಟಿತ್ತು. ಇಂಜಿನಿಯರು ಮೂರನೇ ಗುಂಡಿ ತೋಡಿಸಿದರು, ಗುಂಡಿಯ ಅಂಚಿನಲ್ಲಿ ಕೂತು ಬಹಳ ಹೊತ್ತು ಯೋಚಿಸಿದರು, ಶುಕ್ರವಾರ ಸಂಜೆ ಬೀದಿಯವರ ಎದುರು ತೀರ್ಪು ಕೊಟ್ಟರು.

"ಮೇನ್ ಬಂದ್ ಮಾಡಿದ್ರೂ ನೀರು ಬರ್ತಿದೆ ಅಂದ್ರೆ ಬೇರೆ ಲೈನಿಂದ ಕಳ್ಳ ಕನೆಕ್ಷನ್ ಇದೆ. ನೀರು ಕಾಣಿಸ್ತಿರೋದು ಯಾರ ಗೋಡೆ ಬುಡದಲ್ಲಿ? ನಾಳೆ ಹತ್ತು ಗಂಟೆಗೆ ಈ ಅಮ್ಮನ ಮನೆ ನೆಲ ಅಗೀತೀವಿ. ಕನೆಕ್ಷನ್ ತೆಗೆದು ಕೇಸು ಹಾಕ್ತೀವಿ."

"ದೂರು ಕೊಟ್ಟೋಳೇ ನಾನಲ್ವಾ?" ಎಂದರು ಟೈಲರಮ್ಮ.

"ಕಳ್ಳರು ಮೊದಲು ದೂರು ಕೊಡ್ತಾರೆ ಅಮ್ಮ. ಮೂವತ್ತು ವರ್ಷದ ಸರ್ವೀಸು ನಂದು."

ಭಾವ ಮನೆಯೊಳಗೆ ಬಂದು ಗೋಡೆಗೆ ಒರಗಿ ನಿಂತರು. ಅಕ್ಕ ಅವರನ್ನೂ ನನ್ನನ್ನೂ ನೋಡಿದಳು. ಅವಳಿಗೆ ಯಾರೂ ಹೇಳಿರಲಿಲ್ಲ, ಆದರೆ ಒಂದು ವಾರದಿಂದ ನಮ್ಮಿಬ್ಬರ ಒದ್ದೆ ಪ್ಯಾಂಟು ಒಗೆಯುತ್ತಿದ್ದವಳು ಅವಳೇ.

"ಇನ್ನೊಂದೇ ದಿನ," ಎಂದರು ಭಾವ, ಯಾರಿಗೂ ಅಲ್ಲದೆ. "ಭಾನುವಾರ ನೀರಿಗಿಳಿಸಿಬಿಟ್ರೆ ಆಮೇಲೆ ಎಲ್ಲಾ ಹೇಳಿಬಿಡ್ತೀನಿ."

"ನಾಳೆ ಅವಳ ನೆಲ ಅಗೀತಾರೆ," ಎಂದಳು ಅಕ್ಕ.

ಶನಿವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಭಾವ ಕಚೇರಿಗೆ ಹೊರಟು ಗೇಟಿನ ಬಳಿ ನಿಂತಿದ್ದರು, ಚೀಲ ಹೆಗಲಲ್ಲಿತ್ತು. ಟೈಲರಮ್ಮನ ಹೊಲಿಗೆ ಯಂತ್ರವನ್ನು ಕೂಲಿಯವರು ಎತ್ತಿ ತಂದು ಬೀದಿಯಲ್ಲಿ ಇಟ್ಟರು. ಅದರ ಸೂಜಿಗೆ ಸಿಕ್ಕಿಕೊಂಡಿದ್ದ ಬಿಳಿ ಬಟ್ಟೆ ಬಾಗಿಲಿನಿಂದ ಉದ್ದಕ್ಕೆ ಎಳೆದುಕೊಂಡು ಬಂತು. ನಮ್ಮ ಹಾಯಿ. ಕೊನೆಯ ಅಂಚು ಮಾತ್ರ ಹೊಲಿಯುವುದಿತ್ತು. ಟೈಲರಮ್ಮ ಬಟ್ಟೆಗೆ ಮಣ್ಣು ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಇದು ಬೇರೆಯವರದ್ದು, ಇದೊಂದು ಮುಗಿಸಿಕೊಡ್ತೀನಿ ಬಿಡಿ" ಎಂದು ಕೇಳಿಕೊಳ್ಳುತ್ತಿದ್ದರು. ಒಬ್ಬ ಹಾರೆ ಎತ್ತಿದ.

"ನಿಲ್ಲಿಸಿ," ಎಂದರು ಭಾವ.

ಕಚೇರಿಯಲ್ಲಿ ಸಾಲು ತಪ್ಪಿಸಿದವರನ್ನು ಗದರುವ ದನಿ ಅದು. ಹಾರೆ ನಿಂತಿತು.

"ನೀರು ನಂದು. ನನ್ನ ದೋಣಿಯದು. ಹೋದ ಶನಿವಾರದಿಂದ ಸೋರ್ತಿದೆ. ನಾನು ಸುಳ್ಳು ಹೇಳಿದೆ." ಹೆಗಲ ಚೀಲ ಕೆಳಗಿಟ್ಟರು. "ಸಹಿ ಮಾಡಿದ್ದೂ ಸುಳ್ಳು." ಮೊದಲಿನ ಮಾತಿಗಿಂತ ಇದನ್ನು ಹೇಳುವಾಗ ಅವರ ದನಿ ಹೆಚ್ಚು ನಡುಗಿತು.

ಇಡೀ ಬೀದಿ ನಮ್ಮ ಹಿತ್ತಲಿಗೆ ನುಗ್ಗಿತು. ಬೇಕರಿಯವನು ಮನೆಗೆ ಓಡಿಹೋಗಿ ಕೊಡಲಿ ತಂದ. ಭಾವ ಇಟ್ಟಿಗೆ ಒದ್ದು ಟಾರ್ಪಾಲು ಎಳೆದರು. ದೋಣಿಯೊಳಗೆ ಒಂದು ಗೇಣು ನೀರು ನಿಶ್ಚಲವಾಗಿ ನಿಂತಿತ್ತು. ಎಲ್ಲರೂ ಬಗ್ಗಿ ಕೆಳಗೆ ನೋಡಿದರು.

ಒಂದು ಹನಿ ಇಲ್ಲ.

ಭಾವ ಮಂಡಿಯೂರಿ ಹಲಗೆಯ ತಳ ಸವರಿದರು. ಅಂಗೈ ಒಣಗಿಯೇ ಇತ್ತು. ಇನ್ನೊಂದು ಕಡೆ ಸವರಿದರು. "ನಿನ್ನೆವರೆಗೂ ಸೋರ್ತಿತ್ತು ಸಾರ್. ಆಣೆಗೂ. ಇಲ್ಲಿ... ಇಲ್ಲೇ ಜೋರಾಗಿ ಬರ್ತಿತ್ತು."

ಇಂಜಿನಿಯರು ಕೋಲನ್ನು ದೋಣಿಗೆ ಆನಿಸಿ ಕಿವಿಯಿಟ್ಟರು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಜೇಬಿನಿಂದ ಬುಧವಾರದ ಹಾಳೆ ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು. "'ದೋಣಿಯಿಂದ ಒಂದು ಹನಿಯೂ ಸೋರುವುದಿಲ್ಲ.' ಅಡಿಗೆರೆ ಬೇರೆ ಎಳೆದಿದೀರಿ. ನೀರಿದೆ, ಆದ್ರೆ ನಿಮ್ಮ ದೋಣಿ ಸೋರ್ತಿಲ್ಲ. ಆ ಅಮ್ಮನ್ನ ಉಳಿಸೋಕೆ ಈಗ ಸುಳ್ಳು ಹೇಳ್ತಿದೀರಿ. ಒಳ್ಳೇ ನೆರೆಯವರು, ಒಪ್ಪಿದೆ. ಗೋಡೆ ಬುಡದಲ್ಲಿ ಈಗ ನೀರಿಲ್ಲ ಅಂದ್ರೆ ರಾತ್ರೋರಾತ್ರಿ ಆಕೆ ಕಳ್ಳ ನಲ್ಲಿ ತಿರುಗಿಸಿ ನಿಲ್ಲಿಸಿದಾರೆ. ಬನ್ರೋ, ಅಗೀರಿ."

ನಾನು "ನಾನೇ ಪೈಪು ಹಿಡಿದಿದ್ದು" ಎಂದೆ. ಇಂಜಿನಿಯರು ಹಾಳೆಯಲ್ಲಿದ್ದ ನನ್ನ ಸಹಿಯನ್ನೂ ತೋರಿಸಿದರು. ಮನುಷ್ಯ ಜೀವಮಾನದಲ್ಲಿ ಒಂದು ಸಲ ಧೈರ್ಯ ಮಾಡಿ ನಿಜ ಹೇಳುತ್ತಾನೆ, ಅವತ್ತೇ ಅದು ಯಾರಿಗೂ ಬೇಕಾಗುವುದಿಲ್ಲ. ಭಾವ ಇಂಜಿನಿಯರ ಹಿಂದೆ ಹಿಂದೆ ಹೋಗುತ್ತ "ಸೋರುತ್ತೆ ಸಾರ್, ಚೆನ್ನಾಗಿ ಸೋರುತ್ತೆ, ನನ್ನ ಕೈಯಲ್ಲಿ ಆಗಿರೋ ಕೆಲಸ ಅದು, ಸೋರದೆ ಇರಲ್ಲ" ಎಂದು ಗೋಗರೆದರು. ಕೂಲಿಯವರು ಆಗಲೇ ಗೇಟು ದಾಟಿದ್ದರು.

"ಸೋರ್ತಿತ್ತು," ಎಂದಿತು ಒಂದು ದನಿ.

ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಜನ ದಾರಿ ಬಿಟ್ಟರು. ಅವನು ದೋಣಿಯ ಬಳಿ ಬಂದು ಕೋಲಿನಿಂದ ಒಂದೊಂದೇ ಹಲಗೆ ಮುಟ್ಟುತ್ತ ಹೋದ.

"ಮೊದಲನೇ ದಿನ ಐದು ಕಡೆ. ಇಲ್ಲಿ, ಇಲ್ಲಿ, ಈ ಹೊಸ ಹಲಗೆ ಎರಡೂ ಬದಿ, ಆಮೇಲೆ ಹಿಂದೆ. ಮೂರನೇ ದಿನಕ್ಕೆ ಎರಡು ನಿಂತ್ವು. ಬುಧವಾರ ಇನ್ನೆರಡು. ಮೂತಿ ಕೆಳಗಿನ ಮೂರನೇ ಹಲಗೆ ಮಾತ್ರ ಹಟ ಮಾಡ್ತಿತ್ತು. ತೊಟ್, ತೊಟ್ ಅಂತ. ನಿನ್ನೆ ರಾತ್ರಿ ನಿಂತುಹೋಯ್ತು. ಆಮೇಲೆ ನಂಗೆ ನಿದ್ದೆ ಬರಲಿಲ್ಲ."

ಇಂಜಿನಿಯರು ತಮ್ಮ ಕೋಲನ್ನೂ ಅಪ್ಪನನ್ನೂ ಒಮ್ಮೆ ನೋಡಿದರು. "ಕೋಲಿಲ್ಲದೆ ಕೇಳಿಸ್ತಾ?"

"ನಾನು ಕಟ್ಟಿದ್ದು ಅದು," ಎಂದ ಅಪ್ಪ.

ಇಂಜಿನಿಯರು ಮೂವತ್ತು ವರ್ಷ ಕಿವಿಯಿಂದಲೇ ಅನ್ನ ತಿಂದವರು. ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡರು. ಹಾರೆಯವರನ್ನು ಕೂಗಿ ಕರೆದು ಹೊಲಿಗೆ ಯಂತ್ರ ಒಳಗೆ ಇಡಿಸಿದರು. ಟೈಲರಮ್ಮ ಹಾಯಿಯನ್ನು ಭಾವನ ಕೈಗೆ ತುರುಕಿ "ಹಿಡ್ಕೊಂಡು ನಿಂತ್ಕೊಳ್ಳಿ, ಮಣ್ಣಾಗಬಾರದು" ಎಂದರು. ಭಾವ ಶಾಲೆಯಲ್ಲಿ ಶಿಕ್ಷೆಯಾದವರ ಹಾಗೆ ಹಿಡಿದು ನಿಂತರು.

ಆಗ ಬೇಕರಿಯವನು ಕೊಡಲಿ ಮುಂದೆ ಚಾಚಿದ. "ಸೋರಿದ್ದು ನಿಜ ಅಂತ ಆಯ್ತಲ್ಲ. ಮಾತು ಮಾತೇ. ನಾನು ಸಾಕ್ಷಿ."

ಭಾವ ಹಾಯಿಯನ್ನು ಅಕ್ಕನಿಗೆ ಕೊಟ್ಟು ಕೊಡಲಿ ತೆಗೆದುಕೊಂಡರು. ಅದನ್ನು ಹಿಡಿದ ರೀತಿ ನೋಡಿದರೆ ದೋಣಿಗಿಂತ ಅವರ ಕಾಲಿಗೇ ಅಪಾಯ ಹೆಚ್ಚಾಗಿತ್ತು. ಆದರೆ ಒಡೆಯುವುದಂತೂ ಖಂಡಿತ ಎಂದು ಅವರ ಮುಖ ಹೇಳುತ್ತಿತ್ತು. ಸುಳ್ಳು ಸಹಿಯ ಪಾಪವನ್ನು ಹೇಗಾದರೂ ತೀರಿಸಬೇಕಿತ್ತು ಅವರಿಗೆ.

"ಅಳಿಯಂದಿರೇ," ಎಂದ ಅಪ್ಪ.

ಅಕ್ಕ ಬೆಚ್ಚಿಬಿದ್ದಳು. ನಾನು ಯಾರಿಗೆ ಹೇಳಬೇಕೆಂದು ಹಿಂದೆ ತಿರುಗಿ ನೋಡಿದೆ. ಅಪ್ಪ ಹೇಳಿದ್ದು ನನಗಲ್ಲ, ನೇರವಾಗಿ ಭಾವನಿಗೇ.

"ಕೊಡಲಿ ಕೆಳಗಿಡಿ. ಹೊಸ ದೋಣಿ ಎಲ್ಲಾ ಸೋರುತ್ತೆ. ನಾನು ಕಟ್ಟಿದ್ದೂ ಸೋರುತ್ತಿತ್ತು. ಮೊದಲನೇ ದಿನ ಅರ್ಧ ಮುಳುಗಿಯೇ ಹೋಗ್ತಿದ್ವು. ಕೊಳ್ಳೋರಿಗೆ ದಿನ ಚೆನ್ನಾಗಿಲ್ಲ, ಮುಂದಿನ ವಾರ ಬನ್ನಿ ಅಂತ ಹೇಳಿ ಕಳಿಸ್ತಿದ್ವಿ." ಅಪ್ಪ ಹಲಗೆಯ ಸಂದಿನ ಮೇಲೆ ಬೆರಳಾಡಿಸಿದ. "ನೀವು ಸಂದಿಗೆ ಅರಗು ಸುರಿದಿದ್ರೆ ತೊಟ್ಟಿಕ್ಕೋ ಸದ್ದು ಕೇಳಿಸ್ತಿರಲಿಲ್ಲ. ಅಂಥಾ ದೋಣಿ ನೀರಿಗಿಳಿದ ಮೇಲೆ ಹಲಗೆ ಉಬ್ಬಿ ಸೀಳಿಹೋಗುತ್ತೆ. ಹೋದ ಶನಿವಾರ ಆ ಸದ್ದು ಕೇಳಿಸದೆ ಇದ್ದಿದ್ರೆ ನಾನೇ ಕೊಡಲಿ ತರ್ತಿದ್ದೆ."

"ಮತ್ತೆ ದಿನಾ ಊಟಕ್ಕೆ ಕೂತಾಗ..." ಎಂದರು ಭಾವ.

ಅಪ್ಪ ಬೇಕರಿಯವನ ಕಡೆಗೆ ತಿರುಗಿ, "ನಿನಗೆ ಸೌದೆ ಬೇಕಿದ್ರೆ ತೆಗೆದುಹಾಕಿದ ಎರಡು ಹಲಗೆ ಇದೆ, ತಗೊಂಡು ಹೋಗು," ಎಂದ. ಅವನು ತೆಗೆದುಕೊಂಡೇ ಹೋದ.

ಭಾನುವಾರ ದೋಣಿ ನೀರಿಗಿಳಿಯಲಿಲ್ಲ. ಗೇಟಿನ ಮುಂದೆ ಮೂರು ಗುಂಡಿ ಇರುವಾಗ ಲಾರಿ ಬರುವುದು ಹೇಗೆ? ಗುಂಡಿ ಮುಚ್ಚುವ ಶಿಕ್ಷೆಯನ್ನು ಇಂಜಿನಿಯರು ಭಾವನಿಗೇ ವಿಧಿಸಿದರು, ನಮ್ಮ ಮನೆಯ ನೀರನ್ನು ಹದಿನೈದು ದಿನ ಬಂದ್ ಮಾಡಿದರು. ದೋಣಿ ಮತ್ತೆ ಒಣಗಬಾರದಲ್ಲ. ಬೀದಿಯವರು ಹೋಗುತ್ತ ಬರುತ್ತ ಬೈಯುತ್ತಲೇ ಒಂದೊಂದು ಕೊಡ ಸುರಿದು ಹೋದರು. ಮೊದಲ ಕೊಡ ತಂದದ್ದು ಟೈಲರಮ್ಮ. ಭಾವ ಸಂಜೆ ಸಂಜೆ ಸಲಿಕೆ ಹಿಡಿದು ಗುಂಡಿಗೆ ಇಳಿಯುತ್ತಿದ್ದರು, ಅಪ್ಪ ಅಂಚಿನಲ್ಲಿ ಸ್ಟೂಲು ಹಾಕಿಸಿಕೊಂಡು ಕೂತು ಮಣ್ಣು ಹೇಗೆ ತುಳಿಯಬೇಕೆಂದು ಹೇಳುತ್ತಿದ್ದ. ಹನ್ನೊಂದು ವರ್ಷದ ಬಾಕಿ ಮಾತೆಲ್ಲ ಆ ಮೂರು ಗುಂಡಿಯಲ್ಲೇ ಖರ್ಚಾಯಿತು.

ಅದಾದ ಮೇಲಿನ ಭಾನುವಾರ ಧಕ್ಕೆಯಲ್ಲಿ ಜನವೋ ಜನ. ಹಾಯಿ ಗಾಳಿ ತುಂಬಿಕೊಂಡು ಪಟಪಟನೆ ಬಿಗಿಯಿತು, ದೋಣಿ ದಡ ಬಿಟ್ಟಿತು. ಚುಕ್ಕಾಣಿ ಭಾವನ ಕೈಯಲ್ಲಿ, ಅಪ್ಪ ಮುಂದೆ ಮೂತಿಯ ಬಳಿ, ನಾನು ನಡುವೆ. ದಡದಿಂದ ಐವತ್ತು ಮಾರು ಹೋಗಿದ್ದೆವೇನೋ, ಅಪ್ಪ ಬಗ್ಗಿ ಕಾಲ ಬಳಿಯ ಹಲಗೆಗೆ ಕೈಯಿಟ್ಟ. ಒದ್ದೆಯಾದ ಬೆರಳನ್ನು ಮೂಗಿನ ಹತ್ತಿರ ತಂದ. ಕೊಡಗಳ ನೀರು ಸಾಲದೆ ಆ ಮೂರನೇ ಹಲಗೆ ಸ್ವಲ್ಪ ಕುಗ್ಗಿತ್ತು.

"ಮಾವ?" ಎಂದರು ಭಾವ. ಅವರ ಮುಖ ಬಿಳುಚಿತ್ತು.

"ನಾಳೆ ಹೊತ್ತಿಗೆ ನಿಲ್ಲುತ್ತೆ," ಎಂದ ಅಪ್ಪ, ಮೆಲ್ಲಗೆ. "ಯಾರಿಗೂ ಹೇಳಬೇಡಿ."

ಅಷ್ಟರಲ್ಲಿ ದಡದಿಂದ ಬೇಕರಿಯವನು ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. "ಹೇಗಿದೆ? ಸೋರ್ತಿದೆಯಾ?"

ಮಾವ ಅಳಿಯ ಇಬ್ಬರೂ ಒಟ್ಟಿಗೆ ತಿರುಗಿದರು.

"ಒಂದು ಹನಿ ಇಲ್ಲ," ಎಂದು ಕೂಗಿ ಹೇಳಿದರು.

ನಾನು ತಗಡಿನ ಡಬ್ಬದಿಂದ ನೀರು ತೋಡಿ ಆಚೆ ಬದಿಗೆ ಚೆಲ್ಲುತ್ತಿದ್ದೆ. ಬಗ್ಗಿ ಕೂತಿದ್ದರಿಂದ ದಡದವರಿಗೆ ಕಾಣಲಿಲ್ಲ.